ಮದುವೆ ಜವಳಿಯ ಪೇಟೆಯಲ್ಲಿ ಅವಿವಾಹಿತರ ಮನಸ್ಸು

ಚೆನ್ನೈನ ಟಿ. ನಗರದ ಮಹಿಳಾ ಹಾಸ್ಟೆಲಿನಲ್ಲಿದ್ದು ಉದ್ಯೋಗ ಮಾಡುತ್ತಿರುವ ಇಪ್ಪತ್ತೊಂಬತ್ತರ ಕನ್ನಡತಿಯೊಬ್ಬರು, ಮದುವೆಯಾಗದಿರುವುದೇ ತಮ್ಮ ಮನಸ್ಸು ಕುಗ್ಗಲು ಕಾರಣವೇ ಎಂದು ಕೇಳಿದ್ದಾರೆ. ಉಸ್ಮಾನ್ ರಸ್ತೆಯ ರೇಷ್ಮೆ ಮತ್ತು ಚಿನ್ನದ ಅಂಗಡಿಗಳಿಗೆ ಇಡೀ ಕುಟುಂಬಗಳು ಧಾರೆಸೀರೆ, ತಾಳಿ ಕೊಳ್ಳಲು ಬರುವ ಈ ಬಡಾವಣೆಯಲ್ಲಿ, ಕೆಲಸ ಮುಗಿಸಿ ಆ ಜನಸಂದಣಿಯನ್ನು ಒಬ್ಬರೇ ದಾಟಿ ಹೋಗುವವರಿಗೆ ತಮ್ಮಲ್ಲೇ ಏನೋ ಕೊರತೆಯಿದೆ ಎನಿಸುವುದು ಸಹಜ. ಅದನ್ನು ರೋಗವೆಂದು ಭಾವಿಸಬೇಕಿಲ್ಲ.

ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರ ತಮ್ಮ ಗ್ರಂಥದಲ್ಲಿ ಒಂಟಿತನವನ್ನು ಎರಡಾಗಿ ವಿಂಗಡಿಸಿದರು: ಮನಸ್ಸು ಬಿಚ್ಚಿ ಮಾತಾಡಬಲ್ಲ ಆಪ್ತರೊಬ್ಬರು ಇಲ್ಲದಿರುವುದು ಭಾವನಾತ್ಮಕ ಒಂಟಿತನ, ತನ್ನದೆನ್ನಬಹುದಾದ ಬಳಗವಿಲ್ಲದಿರುವುದು ಸಾಮಾಜಿಕ ಒಂಟಿತನ. ವಾರವಿಡೀ ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲ, ಭಾನುವಾರ ಊರಿನಿಂದ ಬರುವ ಫೋನಿನಲ್ಲೂ ಜಾತಕದ್ದೇ ಮಾತು ಎಂಬ ಈ ಕನ್ನಡತಿಯ ವಿವರಣೆ ಬಹುಮಟ್ಟಿಗೆ ಎರಡನೆಯದನ್ನು ಸೂಚಿಸುತ್ತದೆ. ಸಂಗಾತಿ ಎಷ್ಟೇ ಒಳ್ಳೆಯವರಾದರೂ ಇಡೀ ಬಳಗದ ಸ್ಥಾನವನ್ನು ತುಂಬಲಾರರಾದ್ದರಿಂದ, ಮದುವೆಯೊಂದೇ ಇದಕ್ಕೆ ಮದ್ದಾಗದು ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಟಿ. ನಗರದಲ್ಲೇ ಇರುವ ಕರ್ನಾಟಕ ಸಂಘದಂಥ ಕಡೆಗೆ, ವರಾನ್ವೇಷಣೆಯ ಉದ್ದೇಶವಿಲ್ಲದೆ, ನಿಯಮಿತವಾಗಿ ಹೋಗಿಬರುವುದು ಅವರಿಗೆ ಉಪಯುಕ್ತ; ಪರಿಚಯ ಸ್ನೇಹವಾಗಲು ಅದೇ ಮುಖಗಳನ್ನು ಮತ್ತೆ ಮತ್ತೆ ಕಾಣಬೇಕಾಗುತ್ತದೆ. ಮದುವೆಯ ಮಾತನ್ನು ತಿಂಗಳಿಗೊಮ್ಮೆ ಮಾತ್ರ ಎತ್ತುವಂತೆ ಅಮ್ಮನಿಗೆ ಪ್ರೀತಿಯಿಂದಲೇ, ಆದರೆ ಸ್ಪಷ್ಟವಾಗಿ ಹೇಳುವುದೂ ಅಗತ್ಯ. ನಿದ್ರೆ, ಹಸಿವು, ಕೆಲಸದಲ್ಲಿನ ಆಸಕ್ತಿ ಎರಡು ವಾರಕ್ಕೂ ಮೀರಿ ಕುಂದಿದ್ದರೆ ಅದು ಖಿನ್ನತೆಯಾಗಿರಬಹುದಾದ್ದರಿಂದ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೂ ಲಭ್ಯವಿದೆ.