ಅಳಿಸುವ ಮೊದಲು ಫೋಟೊ ತೆಗೆಯಿರಿ

ಏನೂ ಕೆಲಸ ಮಾಡದಿದ್ದರೂ ಕಂಪ್ಯೂಟರಿನ ಫ್ಯಾನ್ ಜೋರಾಗಿ ತಿರುಗುತ್ತಿದೆ, ನೆಟ್ ಡೇಟಾ ಬೇಗ ಖಾಲಿಯಾಗುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಮನೆಯಲ್ಲಿ ಯಾರೂ ಹಾಕಿಸದ ಹೆಸರೊಂದು ಓಡುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಅದನ್ನು ತಾವೇ ಅಳಿಸುತ್ತಾರೆ, ಇಲ್ಲವೇ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುತ್ತಾರೆ. ಯಂತ್ರವೇನೋ ಸರಿಹೋಗುತ್ತದೆ. ಆದರೆ ಆ ಪ್ರೋಗ್ರಾಮನ್ನು ಯಾರಾದರೂ ಬೇಕೆಂದೇ ಹಾಕಿದ್ದರೆ, ಅವರ ಮೇಲೆ ದೂರು ಕೊಡಲು ಬೇಕಾದ ಸಾಕ್ಷ್ಯವೂ ಅಳಿದುಹೋಗುತ್ತದೆ.

ಹಾಗೆಂದು ಗೊತ್ತಿಲ್ಲದ ಹೆಸರೆಲ್ಲ ಕಳ್ಳರದ್ದಲ್ಲ. ವಿಂಡೋಸ್‌ನಲ್ಲಿ ಎಸ್‌ವಿಸಿಹೋಸ್ಟ್ ಎಂಬುದು ಒಂದೇ ಹೊತ್ತಿಗೆ ಹತ್ತಾರು ಸಲ ಕಾಣುವುದು ಮಾಮೂಲು. ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ನೋಡಿ. ಅಸಲಿಯಾದರೆ ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿರುತ್ತದೆ. ಅದೇ ಹೆಸರು ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನಿಂದ ಓಡುತ್ತಿದ್ದರೆ ಅನುಮಾನ ಪಡಲೇಬೇಕು. ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಯಾವ ಕಂಪನಿಯದು ಎಂದೂ ನೋಡಬಹುದು. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅದು ಇದ್ದರೆ ಪಕ್ಕದ ತಾರೀಕನ್ನು ಗಮನಿಸಿ. ಆ ದಿನ ಕಂಪ್ಯೂಟರ್ ಯಾರ ಕೈಯಲ್ಲಿತ್ತು ಎಂಬುದರಿಂದಲೇ ಎಷ್ಟೋ ಪ್ರಕರಣಗಳ ಎಳೆ ಸಿಗುತ್ತದೆ.

ಈಗ ಕಾನೂನು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಕಂಪ್ಯೂಟರಿನ ಒಡೆಯರ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿ ಇತ್ತೇ? ಅನುಮತಿಯಿಲ್ಲದೆ ಒಳಹೊಕ್ಕರೆ, ಮಾಹಿತಿ ನಕಲು ಮಾಡಿಕೊಂಡರೆ, ವೈರಸ್ ಅಥವಾ ‘ಕಂಪ್ಯೂಟರ್ ಕಲುಷಕ’ ಸೇರಿಸಿದರೆ ಪರಿಹಾರ ಕೊಡಬೇಕಾಗುತ್ತದೆ. ಕಲುಷಕದ ವಿವರಣೆ ದೊಡ್ಡದು. ಮಾಹಿತಿ ಕೆಡಿಸುವುದಷ್ಟೇ ಅಲ್ಲ, ಅದನ್ನು ದಾಖಲಿಸಿಕೊಳ್ಳುವ, ಬೇರೆಡೆಗೆ ರವಾನಿಸುವ, ಯಂತ್ರದ ಸಹಜ ಕೆಲಸವನ್ನು ಕಬಳಿಸುವ ಸೂಚನೆಗಳೂ ಅದರೊಳಗೆ ಬರುತ್ತವೆ. ಹಾಗಾಗಿ ನೀವು ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕೀಲಾಗರ್ ಕೂಡ, ನಿಮ್ಮ ಕರೆಂಟಿನಲ್ಲಿ ಇನ್ಯಾರಿಗೋ ಕ್ರಿಪ್ಟೊ ದುಡಿದುಕೊಡುವ ಪ್ರೋಗ್ರಾಮ್ ಕೂಡ ಇದರ ವ್ಯಾಪ್ತಿಗೆ ಬರುತ್ತವೆ. ಇದೇ ಕೃತ್ಯ ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ನಡೆದಿದ್ದರೆ 66ನೇ ಕಲಮಿನಡಿ ಅಪರಾಧ: 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮನೆಯವರೇ ಹಾಕಿದ್ದರೆ? ಗಂಡನಿಗೆಂದೋ ಅಣ್ಣನಿಗೆಂದೋ ಕಾಯ್ದೆ ವಿನಾಯಿತಿ ಕೊಟ್ಟಿಲ್ಲ. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಗುಟ್ಟಾಗಿ ಕೀಲಾಗರ್ ಇಟ್ಟ ಗಂಡನಿಗೂ 43ನೇ ಕಲಂ ಅನ್ವಯಿಸುತ್ತದೆ. ‘ಸಂಸಾರದ ವಿಷಯ, ಮಾತಾಡಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ. ಎಲ್ಲರೂ ಬಳಸುವ ಮನೆ ಕಂಪ್ಯೂಟರಾದರೆ ಉಸ್ತುವಾರಿ ಯಾರದು ಎಂಬ ವಾದ ಏಳುತ್ತದೆ. ಕೊಂಡ ಬಿಲ್ ಇಟ್ಟುಕೊಂಡಿದ್ದರೆ ಅನುಕೂಲ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನ ಕಥೆ ಬೇರೆ. ಅದರ ಒಡೆಯರು ಕಂಪನಿಯವರು, ನಿಗಾ ಇಡುವ ಪ್ರೋಗ್ರಾಮ್ ಅವರೇ ಹಾಕಿರಬಹುದು. ಐಟಿ ವಿಭಾಗವನ್ನು ಕೇಳದೆ ಅದನ್ನು ತೆಗೆಯಬೇಡಿ.

ಅನುಮಾನ ಗಟ್ಟಿಯಾದರೆ ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತುಬಿಡಿ. ಆಮೇಲೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಯಿರಿ. ಪ್ರೋಗ್ರಾಮಿನ ಹೆಸರು, ಫೈಲ್ ಇರುವ ಜಾಗ, ಮೂಲೆಯಲ್ಲಿರುವ ದಿನಾಂಕ, ಗಂಟೆ ಎಲ್ಲವೂ ಕಾಣಬೇಕು. ‘ಬ್ಯಾಂಕಿನಿಂದ’ ಎಂದು ಕರೆ ಮಾಡಿದವರು ಹಾಕಿಸಿದ ಎನಿಡೆಸ್ಕ್‌ನಂಥ, ದೂರದಿಂದಲೇ ಕಂಪ್ಯೂಟರ್ ನಡೆಸುವ ಪ್ರೋಗ್ರಾಮಿನ ಫೋಲ್ಡರಿನಲ್ಲಿ ಯಾವ ಐಡಿಯಿಂದ, ಎಷ್ಟು ಗಂಟೆಗೆ ಒಳಬಂದರು ಎಂಬ ದಾಖಲೆ ಉಳಿದಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡಿದರೆ ಅದೂ ಹೋಗಬಹುದು. ಫೋಟೊ, ಪ್ರಿಂಟ್‌ಔಟ್‌ಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಅದರ ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಹಾರ್ಡ್‌ಡಿಸ್ಕ್ ಮಾತ್ರ ಮೂಲ ಸಾಕ್ಷ್ಯ, ಅದನ್ನು ಕೈಬಿಡಬೇಡಿ.

ಹಣ ಹೋಗಿದ್ದರೆ ಫೋಟೊಗೂ ಕಾಯದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಒಟಿಪಿ ನೀವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ.

ದೂರನ್ನು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಅಥವಾ ಯಾವುದೇ ಠಾಣೆಯಲ್ಲಿ ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ, ಸೈಬರ್ ಠಾಣೆಗೆ ಹೋಗಿ’ ಎಂದು ತಿರುಗಿಸಿ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ವ್ಯಾಪ್ತಿ ನೋಡದೆ ದೂರು ದಾಖಲಿಸಬೇಕೆನ್ನುತ್ತದೆ. ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಎಸ್‌ಪಿಗೆ ಲಿಖಿತವಾಗಿ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ನಡೆಸುವವರು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯವರಾಗಿರಬೇಕು.

ಪರಿಹಾರಕ್ಕೆ ದಾರಿ ಬೇರೆಯೇ ಇದೆ, ಅದನ್ನು ಬಳಸುವವರು ತೀರ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. 5 ಕೋಟಿವರೆಗಿನ ದಾವೆಗಳನ್ನು ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯಾಧಿಕಾರಿಯಾಗಿ ವಿಚಾರಿಸುತ್ತಾರೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಇಷ್ಟಾದ ಮೇಲೆ, ಪೊಲೀಸರಿಗೆ ಯಂತ್ರ ಬೇಕಿಲ್ಲವೆಂದು ಖಚಿತಪಡಿಸಿಕೊಂಡು ಸ್ವಚ್ಛ ಮಾಡಿ. ವಿಂಡೋಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದೆ, ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಉಪಕರಣಗಳಿವೆ. ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ಕದ್ದ ವಿಂಡೋಸ್‌ಗೆ ಹಾಕುವ ‘ಆ್ಯಕ್ಟಿವೇಟರ್’ ಜೊತೆಗೇ ಇಂಥ ಪ್ರೋಗ್ರಾಮುಗಳು ನುಸುಳುವುದು ಹೆಚ್ಚು. ಕದ್ದ ಪ್ರತಿಯೆಂದು ಗೊತ್ತಿದ್ದೂ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ನಿಮ್ಮದೇ ಅಪರಾಧವಾಗುತ್ತದೆ. ರಿಪೇರಿಗೆ ಕೊಟ್ಟಾಗ ಯಾವ ಸಾಫ್ಟ್‌ವೇರ್ ಹಾಕಿದರು, ಲೈಸೆನ್ಸ್ ಯಾವುದು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಅಂಗಡಿಯವರು ಮೋಸ ಮಾಡಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇಡಲು ಅದೇ ಬಿಲ್ ಬೇಕಾಗುತ್ತದೆ.