ಪುಟಾಣಿಗಳನ್ನು ಮಲಗಿಸುವುದು ಹೇಗೆ?

ಗೆಳೆಯರೇ, ರಾತ್ರಿ ಅವ್ವ ಪಾತ್ರೆ ತೊಳೆಯುವಾಗ ತಮ್ಮ, ತಂಗಿಯನ್ನು ಮಲಗಿಸುವವರು ನಾವೇ ಅಲ್ಲವೇ? ಮಲಗದಿದ್ದರೆ “ಗುಮ್ಮ ಬಂತು ನೋಡು” ಅಂತೀವಿ. ಮಗು ಕಣ್ಣೇನೋ ಮುಚ್ಚುತ್ತದೆ. ಆದರೆ ಹೆದರಿಕೆಯಿಂದ ಎದೆ ಡವಡವ ಅನ್ನುವಾಗ ನಿದ್ದೆ ಎಲ್ಲಿಂದ ಬರಬೇಕು?

ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವುದು ಇದೇ. ಟಿ.ವಿ., ಮೊಬೈಲ್ ಬೆಳಕು ಕಣ್ಣಿಗೆ ಬಿದ್ದರೆ ಇದು ಕಡಿಮೆಯಾಗುತ್ತದೆ.

3-4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಹೀಗೆ ಮಾಡಿ:
1. ದಿನಾ ಒಂದೇ ಹೊತ್ತಿಗೆ ಮಲಗಿಸಿ.
2. ಒಂದು ಗಂಟೆ ಮೊದಲೇ ಟಿ.ವಿ., ಮೊಬೈಲ್ ಬಂದ್ ಮಾಡಿ.
3. ಕೈಕಾಲು ತೊಳೆಸಿ, ಲೈಟ್ ಆರಿಸಿ, ಮೆಲುದನಿಯಲ್ಲಿ ಕಥೆ ಹೇಳಿ.

ನೆನಪಿಡಿ: ಹೆದರಿದ ಮಗು ಸುಮ್ಮನಾಗುತ್ತದೆ, ನೆಮ್ಮದಿಯ ಮಗು ನಿದ್ದೆ ಮಾಡುತ್ತದೆ.