ಶಬ್ದ ಬರುವುದು ಯಾವಾಗ?

ಹಳೆಯ ಕಾರಿನ ಮುಂಭಾಗದಲ್ಲಿ ಟಕಟಕ ಶುರುವಾದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಲ್ಲಿಂದ ಬರ್ತಿದೆ?’ ಎನ್ನುವುದು. ವರ್ಷಗಟ್ಟಲೆ ಹಳೆಯ ಸಣ್ಣ ಕಾರುಗಳನ್ನು ಓಡಿಸಿ, ರಿಪೇರಿ ಮಾಡಿಸಿ ನಾನು ಕಂಡುಕೊಂಡದ್ದೆಂದರೆ, ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ಕೇಳಬೇಕಾದದ್ದು ‘ಯಾವಾಗ ಬರುತ್ತೆ, ಏನು ಮಾಡಿದರೆ ನಿಲ್ಲುತ್ತೆ?’ ಎಂದು. ಇದಕ್ಕೆ ಕಾರಣ ಕಾರಿನ ರಚನೆಯಲ್ಲೇ ಇದೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಇಂಜಿನ್ ಮುಂದಿತ್ತು, ಶಕ್ತಿ ಉದ್ದದ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಹಿಂದಿನ ಗದ್ದಲ ಹಿಂದೆ, ಮುಂದಿನದು ಮುಂದೆ ಕೇಳಿಸುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಅದರ ನಂತರದ ಝೆನ್, ಸ್ಯಾಂಟ್ರೋ, ಇಂಡಿಕಾಗಳಲ್ಲಿ ಇಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಸ್ಟೇರಿಂಗ್ ರ್‍ಯಾಕ್, ಬ್ರೇಕಿನ ಹೆಚ್ಚಿನ ಹೊರೆ ಎಲ್ಲವೂ ಮುಂದಿನ ಎರಡು ಚಕ್ರಗಳ ನಡುವೆ ಬಂದು ಕೂತವು. ಅಷ್ಟು ಇಕ್ಕಟ್ಟಿನ ಜಾಗದಲ್ಲಿ, ಬಾಡಿಯ ತಗಡಿನುದ್ದಕ್ಕೂ ಹರಿದುಬರುವ ಶಬ್ದದ ಮೂಲವನ್ನು ಕಿವಿ ಹಿಡಿಯಲಾರದು. ಸಸ್ಪೆನ್ಶನ್ನಿನ ಎಡಗಡೆಯ ಲಿಂಕ್ ರಾಡ್ ಕುಟ್ಟಿದರೆ ಡ್ರೈವರನ ಕಾಲ ಬುಡದಲ್ಲೇ ಕುಟ್ಟಿದ ಹಾಗೆ ಕೇಳಿಸುವುದುಂಟು. ಕಿವಿ ಎಡವುವ ಈ ಜಾಗದಲ್ಲಿ ಸಂದರ್ಭ ದಾರಿ ತೋರಿಸುತ್ತದೆ, ಏಕೆಂದರೆ ಒಂದೊಂದು ಭಾಗಕ್ಕೂ ಭಾರ ಬೀಳುವ ಹೊತ್ತು ಬೇರೆ ಬೇರೆ.

ಕಂಪನವನ್ನೇ ಮೊದಲು ತೆಗೆದುಕೊಳ್ಳೋಣ. ಅದು ಇಂಜಿನ್ ತಿರುಗುವುದರ ಜತೆ ಏರಿಳಿಯುತ್ತದೋ, ಚಕ್ರ ತಿರುಗುವುದರ ಜತೆಯೋ ಎನ್ನುವುದು ಇತ್ಯರ್ಥವಾದರೆ ಅರ್ಧ ಕಾರನ್ನು ಅನುಮಾನದಿಂದ ಬಿಟ್ಟುಬಿಡಬಹುದು. ಲೆಕ್ಕ ಸುಲಭ. 12 ಇಂಚಿನ ರಿಮ್ಮಿನ ಸಣ್ಣ ಟೈರಿನ ಸುತ್ತಳತೆ ಸುಮಾರು 1.6 ಮೀಟರ್, 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹತ್ತು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಮೂರು ಸಿಲಿಂಡರಿನ ಇಂಜಿನ್ ನಿಂತಲ್ಲೇ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೂ ಸೆಕೆಂಡಿಗೆ ಸುಮಾರು ಇಪ್ಪತ್ತೆರಡು ಬಾರಿ ಉರಿಯುತ್ತದೆ. ಮೊದಲನೆಯದು ಕೈಗೆ ಬಿಡಿಬಿಡಿಯಾಗಿ ತಿಳಿಯುವಂಥ ಅದುರು, ಇನ್ನೊಂದು ಒಟ್ಟಾಗಿ ಬರುವ ಝುಂ ಎನ್ನುವ ನಡುಕ. ಅನುಮಾನ ಉಳಿದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ನಾಲ್ಕನೇ ಗೇರಿನಿಂದ ಮೂರಕ್ಕೆ ಬನ್ನಿ. ಚಕ್ರದ ವೇಗ ಅಷ್ಟೇ ಇರುತ್ತದೆ, ಇಂಜಿನ್ನಿನದು ಏರುತ್ತದೆ. ಕಂಪನ ಹಾಗೇ ಉಳಿದರೆ ದೋಷವಿರುವುದು ಟೈರು, ರಿಮ್, ಬೇರಿಂಗ್, ಶಾಫ್ಟುಗಳ ಕಡೆ; ಬದಲಾದರೆ ಇಂಜಿನ್, ಅದರ ಮೌಂಟಿಂಗ್, ಸೈಲೆನ್ಸರ್ ಪೈಪಿನ ಕಡೆ. ನಯಾಪೈಸೆ ಖರ್ಚಿಲ್ಲದ ಈ ಪರೀಕ್ಷೆ ನಮ್ಮ ಗ್ಯಾರೇಜುಗಳಲ್ಲಿ ಅಪರೂಪ. ಕಾರು ಲಿಫ್ಟ್ ಮೇಲೆ ಏರಿದ ಮೇಲೆ ಅದನ್ನು ಮಾಡಲಾಗದು ಎನ್ನುವುದು ಒಂದು ಕಾರಣವಿರಬಹುದು.

ಚಕ್ರದ ಕಡೆ ಎಂದು ಗೊತ್ತಾದ ಮೇಲೂ ಸಂದರ್ಭವನ್ನು ಬಿಡಬಾರದು. 70–90 ಕಿಲೋಮೀಟರ್ ವೇಗದ ನಡುವೆ ಸ್ಟೇರಿಂಗ್ ನಡುಗಿ, ಅದರಾಚೆ ತಗ್ಗಿದರೆ ಮೊದಲು ನೋಡಬೇಕಾದದ್ದು ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್. ಸ್ಟೇರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಚಕ್ರಗಳದ್ದು. 20–30ರಲ್ಲೇ ಕಾರು ತೂಗಾಡಿದರೆ ಬ್ಯಾಲೆನ್ಸಿಂಗ್ ಬಿಟ್ಟು ಟೈರಿನ ಮೈ ಸವರಿ ನೋಡಬೇಕು, ಒಳಗಿನ ತಂತಿಪಟ್ಟಿ ಬಿಟ್ಟು ಉಬ್ಬಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕ್. ವೇಗದ ಜತೆ ಏರುವ ‘ಗುಂಯ್’ ಶಬ್ದ ಬಲಕ್ಕೆ ತಿರುಗಿದಾಗ ಹೆಚ್ಚಾಗಿ, ಎಡಕ್ಕೆ ತಿರುಗಿದಾಗ ಇಳಿದರೆ ಎಡ ಚಕ್ರದ ಬೇರಿಂಗ್ ಮೇಲೆ ಅನುಮಾನ ಪಡಬೇಕು, ಏಕೆಂದರೆ ಬಲಕ್ಕೆ ತಿರುಗಿದಾಗ ಹೆಚ್ಚಿನ ಭಾರ ಎಡಕ್ಕೆ ವಾಲುತ್ತದೆ. ಡ್ರೈವ್ ಶಾಫ್ಟಿಗೆ ಎರಡು ತುದಿ, ಎರಡರ ಗುಣವೂ ಬೇರೆ. ಹೊರತುದಿಯ ಸಿವಿ ಜಾಯಿಂಟ್ ಸವೆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಟಕ್ ಎಂದು ಚಕ್ರದ ಲಯದಲ್ಲಿ ಹೊಡೆದುಕೊಳ್ಳುತ್ತದೆ. ನೇರ ಹೋಗುವಾಗ ಬಾಯಿ ಮುಚ್ಚಿರುತ್ತದೆ. ಒಳತುದಿಯದು ಬಹುತೇಕ ಕಾರುಗಳಲ್ಲಿ ಮೂರು ಉರುಳೆಗಳ ಜಾಯಿಂಟ್. ಉರುಳೆ ಓಡುವ ಕಡೆ ತಗ್ಗು ಬಿದ್ದರೆ ನೇರ ರಸ್ತೆಯಲ್ಲೇ, ಇಂಜಿನ್ ಎಳೆಯುವಾಗ ಮಾತ್ರ, ಕಾರು ಗಡಗಡ ಅದುರುತ್ತದೆ. ಶಿರಾಡಿಯಂಥ ಘಾಟಿ ಏರುವಾಗ ಅದುರಿ, ಇಳಿಯುವಾಗ ತಣ್ಣಗಾಗುವ ಕಾರಿಗೆ ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ ಫಲವಿಲ್ಲ. ಬ್ಯಾಲೆನ್ಸ್ ತಪ್ಪಿದ ಚಕ್ರಕ್ಕೆ ಏರು–ಇಳಿಜಾರಿನ ಭೇದ ತಿಳಿಯದು. ಹೊರತುದಿಯ ಜಾಯಿಂಟಿನ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಕಣ್ಣಿಗೂ ಸಾಕ್ಷಿ ಸಿಕ್ಕಿತು.

ಕುಟ್ಟುವ ಶಬ್ದ ಇದಕ್ಕಿಂತ ಜಟಿಲ, ಏಕೆಂದರೆ ಸಸ್ಪೆನ್ಶನ್ನಿನ ಹಲವು ಕೀಲುಗಳು ಒಂದೇ ಹೊಂಡಕ್ಕೆ ಒಟ್ಟಿಗೆ ಅಲುಗುತ್ತವೆ. ಇಲ್ಲಿ ನಮ್ಮ ರಸ್ತೆಗಳೇ ಉಪಕಾರಿ. ರಸ್ತೆಯ ಅಡ್ಡಗಲಕ್ಕೂ ಹಾಕಿದ ಹಂಪನ್ನು ನೇರವಾಗಿ ದಾಟಿದಾಗ ಎರಡೂ ಚಕ್ರ ಸಮಸಮ ಏರುತ್ತವೆ. ಎಡ–ಬಲ ಚಕ್ರಗಳ ಕಡೆಯನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ, ಅದರ ಲಿಂಕುಗಳಿಗೆ ಹೆಚ್ಚು ಭಾರ ಬೀಳುವುದಿಲ್ಲ. ಒಂದೇ ಚಕ್ರ ಗುಂಡಿಗಿಳಿದಾಗ ಬಾರ್ ತಿರುಚಿಕೊಳ್ಳುತ್ತದೆ. ಹಂಪಿನಲ್ಲಿ ಸುಮ್ಮನಿದ್ದು ಒಂಟಿ ಗುಂಡಿಯಲ್ಲಿ ಕಟಕಟ ಎಂದರೆ ಲಿಂಕ್ ರಾಡ್ ಅಥವಾ ಬಾರಿನ ಬುಷ್ ಮೊದಲ ಆರೋಪಿ. ಎರಡರಲ್ಲೂ ‘ಡಬ್’ ಎಂದರೆ ಸ್ಟ್ರಟ್, ಅದರ ಮೇಲಿನ ಮೌಂಟಿಂಗ್. ಬ್ರೇಕ್ ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟೊಡನೆ ಕಟಕಟ ನಿಂತರೆ ಸಸ್ಪೆನ್ಶನ್ ಬಿಚ್ಚುವ ಅಗತ್ಯವೇ ಇಲ್ಲ, ಅದುರುತ್ತಿದ್ದದ್ದು ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್. ಬ್ರೇಕ್ ಹಿಡಿದಾಗ ಒಮ್ಮೆ, ಮತ್ತೆ ಹೊರಟಾಗ ಒಮ್ಮೆ ಖಟ್ ಎಂದರೆ ಲೋಯರ್ ಆರ್ಮಿನ ಬುಷ್ ಸಡಿಲ. ಇದೇ ಖಟ್ ಬ್ರೇಕಿಲ್ಲದೆ, ಕ್ಲಚ್ ಬಿಟ್ಟಾಗ ಅಥವಾ ರಿವರ್ಸಿಗೆ ಹಾಕಿ ಹೊರಟಾಗ ಬಂದರೆ ಇಂಜಿನ್ ಮೌಂಟಿಂಗ್ ನೋಡಬೇಕು.

ಸಂದರ್ಭದಿಂದ ದೋಷ ಹುಡುಕುವ ಈ ಕ್ರಮಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಮೂವತ್ತು ವರ್ಷ ಪಳಗಿದ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಹೇಳುವುದನ್ನು ಮಾಲೀಕರ ಮಾತು ಮೀರೀತೇ ಎನ್ನುತ್ತಾರೆ. ಒಳ್ಳೆಯ ಮೆಕ್ಯಾನಿಕ್ ಮಾಡುವುದೂ ಇದನ್ನೇ. ಆದರೆ ಅವರಿಗೆ ಸಿಗುವುದು ಗ್ಯಾರೇಜಿನ ಸುತ್ತಲಿನ ಎರಡು ಬೀದಿ, ಅಲ್ಲಿ 80ರ ವೇಗವೂ ಇಲ್ಲ, ಘಾಟಿಯೂ ಇಲ್ಲ, ಬೆಳಗಿನ ತಣ್ಣನೆಯ ಇಂಜಿನ್ನೂ ಇಲ್ಲ. ಆ ಸಂದರ್ಭಗಳು ಇರುವುದು ಕಾರಿನವರ ಬಳಿ. ‘ಮುಂದೆ ಏನೋ ಸೌಂಡ್ ಬರ್ತಿದೆ, ನೋಡಿ’ ಎನ್ನುವುದಕ್ಕೂ, ‘ಬಲಕ್ಕೆ ಪೂರ್ತಿ ತಿರುಗಿಸಿ ಹೊರಟಾಗ ಮಾತ್ರ ಬರುತ್ತೆ, ನ್ಯೂಟ್ರಲ್‌ನಲ್ಲಿ ಉರುಳಿಸಿದರೆ ಇಲ್ಲ’ ಎನ್ನುವುದಕ್ಕೂ ಗ್ಯಾರೇಜಿನಲ್ಲಿ ಒಂದು ದಿನದ ಅಂತರವಿದೆ. ಇನ್ನೊಂದು ಆಕ್ಷೇಪ ದುಡ್ಡಿನದು: ಹಳೆಯ ಕಾರಿನ ಬಿಡಿಭಾಗ ಅಗ್ಗ, ಬುಷ್, ಲಿಂಕ್, ಬಾಲ್ ಜಾಯಿಂಟ್ ಎಲ್ಲವನ್ನೂ ಒಟ್ಟಿಗೆ ಹಾಕಿಸಿಬಿಟ್ಟರಾಯಿತಲ್ಲ? ಒಂದೇ ಬಿಚ್ಚುವಿಕೆಯಲ್ಲಿ ಸಿಗುವ ಸವೆದ ಬುಷ್ಷುಗಳ ಮಟ್ಟಿಗೆ ನಾನಿದನ್ನು ಒಪ್ಪುತ್ತೇನೆ, ಕೂಲಿ ಉಳಿಯುತ್ತದೆ. ಡ್ರೈವ್ ಶಾಫ್ಟಿನ ಮಟ್ಟಿಗೆ ಒಪ್ಪುವುದಿಲ್ಲ. ಕಾರಿನ ಜತೆ ಬಂದ ಗಟ್ಟಿ ಜಾಯಿಂಟ್ ತೆಗೆದು ಗುಣಮಟ್ಟ ತಿಳಿಯದ ಅಗ್ಗದ್ದನ್ನು ಹಾಕಿಸಿದರೆ ಇಲ್ಲದ ಕಾಯಿಲೆಯನ್ನು ದುಡ್ಡು ಕೊಟ್ಟು ತಂದಂತೆ; ಆಮೇಲೆ ಶಬ್ದ ಉಳಿದರೆ ಅದು ಹಳೆಯದೋ ಹೊಸ ಭಾಗದ್ದೋ ಎಂದು ಯಾರೂ ಹೇಳಲಾರರು.

‘ಹಳೆ ಕಾರಂದ್ರೆ ಸೌಂಡ್ ಇದ್ದೇ ಇರುತ್ತೆ’ ಎನ್ನುವ ಮಾತು ಮಾತ್ರ ನನ್ನನ್ನು ಕಾಡುತ್ತದೆ. ಡ್ಯಾಶ್‌ಬೋರ್ಡಿನ ಕಿರಿಕಿರಿಗೆ, ಸೈಲೆನ್ಸರ್ ತಗಡಿನ ಝಣಝಣಕ್ಕೆ ಅದು ಸರಿ. ಆದರೆ ಕೆಲವು ಶಬ್ದಗಳನ್ನು ಮರುದಿನಕ್ಕೂ ಬಿಡುವಂತಿಲ್ಲ. ಚಕ್ರ ಬಿಚ್ಚಿ ಹಾಕಿದ ಕೆಲವೇ ದಿನದಲ್ಲಿ ಕುಟ್ಟತೊಡಗಿದರೆ ಪಕ್ಕಕ್ಕೆ ನಿಲ್ಲಿಸಿ ವೀಲ್ ನಟ್ಟುಗಳನ್ನು ಬಿಗಿಮಾಡಿ ನೋಡಬೇಕು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿ ಬೀಳುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತಾಗುತ್ತದೆ. ಅದನ್ನು ಪರೀಕ್ಷಿಸಲು ಕಾರನ್ನು ಜಾಕಿನಿಂದ ಮೇಲೆತ್ತಿ, ಅಡಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲುಗಿಸಬೇಕು. ಆಟ ಕಂಡರೆ ಬೇರಿಂಗೋ ಬಾಲ್ ಜಾಯಿಂಟೋ ಎಂದು ರಾಡ್ ಹಾಕಿ ಮೀಟಿ ಗುರುತಿಸಬೇಕು. ಎಡ–ಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಆಟ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್. ಇಲ್ಲಿ ಕೈಯೇ ಪ್ರಮಾಣ.

ರಿಪೇರಿಯಾದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಗೇರಿನಲ್ಲಿ ಮತ್ತೆ ಓಡಿಸಿ ನೋಡದೆ ಬಿಲ್ಲಿನ ಹಣ ಕೊಡಬಾರದು. ಹಳೆಯ ಕಾರಿನಲ್ಲಿ ಎರಡು ದೋಷ ಒಟ್ಟಿಗಿರುವುದು ಸಾಮಾನ್ಯ. ಒಂದು ಹೋದಾಗ ಇನ್ನೊಂದು ಮೊದಲಿಗಿಂತ ಜೋರಾಗಿ ಕೇಳಿಸುತ್ತದೆ. ಘಾಟಿಯ ಅದುರು ನಿಂತು ಗುಂಡಿಯ ಕಟಕಟ ಉಳಿದಿದ್ದರೆ ಮೆಕ್ಯಾನಿಕ್ ಮಾಡಿದ ಕೆಲಸ ಸರಿಯಾಗಿಯೇ ಇದೆ, ಉಳಿದ ಕಟಕಟಕ್ಕೆ ಪರೀಕ್ಷೆಯನ್ನು ಹೊಸದಾಗಿ ಹಂಪಿನಿಂದಲೇ ಶುರುಮಾಡಬೇಕು.